ಮೌನಪ್ಪನ ಕಲ್ಲು

ಗೊಲ್ಲಾಳಮ್ಮನ ಹೆಬ್ಬೆರಳಿಗೆ ಮಸಿ ಹತ್ತಿತ್ತು. ಅವಳು ಅದನ್ನು ಕಾಗದದ ಮೇಲೆ ಒತ್ತಲಿಲ್ಲ.

"ಮೊದಲ ಓದಿ ಹೇಳ್ರಿ, ಸಾಬ್ರ."

ಸುರಪುರದ ಕಚೇರಿಯ ಗುಮಾಸ್ತ ಜಲಾಲುದ್ದೀನ ಉರ್ದುವಿನಲ್ಲಿ ಬರೆದಿದ್ದ ಜಬಾನಿಯನ್ನು, ಅವಳ ಹೆಸರಿನ ಹೇಳಿಕೆಯನ್ನು, ಕನ್ನಡದಲ್ಲಿ ಹೇಳಿದ. ಅವಳ ಗಂಡ ತೀರಿಕೊಂಡು ವರ್ಷವಾಗಿತ್ತು. ಎಂಟು ಎಕರೆ ಇನಾಮು ಹೊಲ ಮಗ ಅಯ್ಯಣ್ಣನ ಹೆಸರಿಗೆ ಆಗಬೇಕು. ಆದರೆ ಯಾರೋ ಮೇಲಿನವರಿಗೆ ಅರ್ಜಿ ಹಾಕಿದ್ದರು: ಈ ಮನೆಯ ಹಿರಿಯ ಮೌನಪ್ಪ 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಕಡೆ ನಿಂತು ಇಂಗ್ಲಿಷರ ಫೌಜಿನ ಮೇಲೆ ಕತ್ತಿ ಎತ್ತಿದವ, ದಂಗೆಯೆದ್ದ ಬಾಗಿಯ ಹೊಲ ವಾರಸುದಾರರಿಗೆ ಹೋಗಬಾರದು. ಎಂಬತ್ತೇಳು ವರ್ಷದ ಹಿಂದಿನ ಆ ಸಂಗತಿಗೆ ಕಚೇರಿಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಅದನ್ನು ನೋಡಿಯೇ ಜಲಾಲುದ್ದೀನ ದಾರಿ ಹುಡುಕಿದ್ದ. ಮೌನಪ್ಪ ಸತ್ತದ್ದು ಕಾಲರಾದಿಂದ ಎಂದು ಬರೆದಿದ್ದ. ಪಕ್ಕದ ಹೊಲದ ಬಸವಂತ್ರಾಯ ಅದಕ್ಕೆ ಸಾಕ್ಷಿಯಾಗಿ ಮುಂಜಾನೆಯೇ ಹೆಬ್ಬೆಟ್ಟು ಒತ್ತಿ ಹೋಗಿದ್ದ.

"ಹಿಂಗ ಬರದ್ರ ಹೊಲ ಉಳೀತದ ಅಮ್ಮಾ. ಸತ್ತವ್ರಿಗಿ ಏನ್ ಫರಕ್ ಬೀಳ್ತದ?"

"ಅವ್ರಿಗಿ ಇಲ್ರಿ. ನನಗ ಬೀಳ್ತದ."

ಮೌನಪ್ಪನ ಹೆಣ ಮನೆಗೆ ಬಂದಿರಲಿಲ್ಲ. ಅವನ ಹೆಂಡತಿ ಹೊಲದ ಬದುವಿಗೆ ಒಂದು ಕಲ್ಲು ನಿಲ್ಲಿಸಿದ್ದಳು. ಅಂದಿನಿಂದ ಆ ಮನೆಗೆ ಬರುವ ಸೊಸೆ ಹೊಸ್ತಿಲು ದಾಟುವ ಮೊದಲು ಆ ಕಲ್ಲಿಗೆ ಅರಿಶಿನ ಹಚ್ಚಿ, ಅವನು ಯಾರು, ಹೇಗೆ ಸತ್ತ ಎಂದು ಗಟ್ಟಿಯಾಗಿ ಹೇಳಬೇಕು. ಗಂಡನ ಹೆಸರೆತ್ತದ ಹೆಂಗಸರು ಅವನ ಹೆಸರು ಹೇಳುತ್ತಿದ್ದರು. ಹದಿಮೂರು ವರ್ಷದ ಗೊಲ್ಲಾಳಮ್ಮನ ದನಿ ಅಂದು ಪಕ್ಕದಲ್ಲಿದ್ದವರಿಗೂ ಕೇಳಿಸಿರಲಿಲ್ಲ. ಅತ್ತೆ ಮೂರು ಸಲ ಹೇಳಿಸಿದ್ದಳು. ಮೂರನೆಯ ಸಲಕ್ಕೆ, ಪಕ್ಕದಲ್ಲಿ ಗಳೆ ಹೊಡೆಯುತ್ತಿದ್ದ ಹರೆಯದ ಬಸವಂತ್ರಾಯ ಎತ್ತು ನಿಲ್ಲಿಸಿ ತಿರುಗಿ ನೋಡಿದ್ದ. ಆಗ ಅತ್ತೆ ಸಾಕು ಅಂದಿದ್ದಳು.

"ಇವತ್ತ ಸಂಜಿಗಿ ಬಳಿಚಕ್ರದಿಂದ ಸೊಸಿ ಬರ್ತಾಳ್ರಿ," ಅಂದಳು ಗೊಲ್ಲಾಳಮ್ಮ. "ಕಲ್ಲಿನ ಮುಂದ ನಿಲ್ಲಿಸಿ ಏನ್ ಹೇಳಸ್ಲಿ? ವಾಂತಿ ಭೇದಿ ಆಗಿ ಸತ್ತ ಅಂತ ಹೇಳಸ್ಲೇನ್?"

ಬಾಗಿಲಲ್ಲಿದ್ದ ಜವಾನ ನಕ್ಕ. ಜಲಾಲುದ್ದೀನ ನಗಲಿಲ್ಲ.

"ಎಂಟೆಕರೆ ಹೋಗ್ತದ. ಆಮ್ಯಾಲ ಏನ್ ಉಣ್ತೀರಿ?"

"ಮಂದಿ ಹೊಲದಾಗ ಕಳೆ ತಗೀತೇವಿ. ಕೈ ಇನ್ನಾ ಗಟ್ಟಿ ಅದಾವ."

ಸುರಪುರದ ಕಾಳಗದಲ್ಲಿ ರಾಜರ ಕಡೆ ಹೋರಾಡಿ ಸತ್ತ ಎಂದು ಬರೆಯಲು ಹೇಳಿದಳು. ಬರೆದ ಮೇಲೆ ತನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಅವನು ಎರಡು ಸಲ ತಿಳಿಸಿದ. ತಿಳೀತು, ಬರೀರಿ ಅಂದಳು. ಅವನು ಹಳೆಯ ಕಾಗದ ಹರಿದು ಹೊಸದು ತೆಗೆದುಕೊಂಡ. ಬರೆದು ಮುಗಿಸುವಷ್ಟರಲ್ಲಿ ಹೆಬ್ಬೆರಳ ಮಸಿ ಒಣಗಿತ್ತು. ಅವನೇ ಮಸಿಯ ಡಬ್ಬಿಯನ್ನು ಮತ್ತೆ ಅವಳತ್ತ ಸರಿಸಿದ.

ಸಂಜೆ ಬಂಡಿ ಬದುವಿನ ಹತ್ತಿರ ನಿಂತಿತು. ಸೊಸೆ ಮಾಳಮ್ಮ ಕಲ್ಲಿಗೆ ಅರಿಶಿನ ಹಚ್ಚಿ, ಅತ್ತೆ ಹೇಳಿಕೊಟ್ಟದ್ದನ್ನು ಸೆರಗಿನೊಳಗೇ ಗೊಣಗಿದಳು. ಅಯ್ಯಣ್ಣ ನಾಚಿ ಎತ್ತುಗಳ ಕೊರಳು ಸವರುತ್ತ ನಿಂತ.

"ಜೋರ್ ಹೇಳವ್ವ," ಅಂದಳು ಗೊಲ್ಲಾಳಮ್ಮ. "ಆ ಹೊಲಕ್ಕ ಕೇಳ್ಬೇಕು."

ಎರಡನೆಯ ಸಲ ದನಿ ಸ್ವಲ್ಪ ಬಿಚ್ಚಿತು. ಮೂರನೆಯ ಸಲ, "ರಾಜರ ಕಡೀಗಿ ನಿಂತು ಸತ್ತಾನ" ಎಂಬುದು ಎರೆಹೊಲದ ಆಚೆಯವರೆಗೂ ಹೋಯಿತು.

ಪಕ್ಕದ ಹೊಲದಲ್ಲಿ ಮುದುಕ ಬಸವಂತ್ರಾಯ ಎತ್ತು ನಿಲ್ಲಿಸಿದ. ಈ ಸಲ ತಿರುಗಿ ನೋಡಲಿಲ್ಲ. ಮುಂಜಾನೆಯ ಮಸಿ ಇನ್ನೂ ಹೋಗದ ಹೆಬ್ಬೆರಳಿನ ಕೈಯಲ್ಲಿ ನೇಗಿಲ ಮೇಣಿ ಹಿಡಿದು, ಬೆನ್ನು ಮಾಡಿ ನಿಂತೇ ಇದ್ದ.