ಮೂರು ರೀಡಿಂಗಿನ ಸರಾಸರಿ

ಚರ್ರ್. ಹಳೆ ಬಟ್ಟೆ ಹರಿದಂಥ ಸಣ್ಣ ಸದ್ದು. ಸುಲಭಾ ಕಣ್ಣು ಬಿಟ್ಟಳು. ರಾತ್ರಿ ಒಂದೂವರೆ. ಪಕ್ಕದಲ್ಲಿ ಗಂಡ ಇರಲಿಲ್ಲ. ಹೊರಗಿನ ಕೋಣೆಯಲ್ಲಿ ಯಾರೋ ಬಿ.ಪಿ. ಯಂತ್ರದ ಪಟ್ಟಿ ಬಿಚ್ಚಿದ್ದರು.

ಬಿಂದುಮಾಧವ ಬಂದು ಮಲಗಿದ. ಅವಳು ನಿದ್ದೆಯಲ್ಲಿದ್ದವಳ ಹಾಗೆ ಉಸಿರಾಡಿದಳು.

ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ ಯಂತ್ರದಲ್ಲಿ ಉಳಿದಿದ್ದ ಹಳೆಯ ಅಂಕಿಗಳನ್ನು ನೋಡಿದಳು. ನಿನ್ನೆ ರಾತ್ರಿ 118/76. ಮೊನ್ನೆ ರಾತ್ರಿ 116/74. ನಡುವೆ ಅವಳೇ ಹಗಲು ತೆಗೆದವು: 158, 162, 156.

ರಾತ್ರಿ ಒತ್ತಡ ಇಳಿಯುವುದು ಸಹಜ ಅಂದುಕೊಂಡಳು. ಆದರೆ ಮಧ್ಯಾಹ್ನದ್ದೂ ಒಂದಿತ್ತು. ಹೋದ ರವಿವಾರದ್ದು, ಅವಳು ಪೇಪರ್ ತಿದ್ದಲು ಹೋದ ದಿನ. 118/78.

ಅದೇ ತೋಳು, ಅದೇ ಯಂತ್ರ, ಅದೇ ಕುರ್ಚಿ. ಅವಳು ಮಾತ್ರ ಇರಲಿಲ್ಲ.

ಇಪ್ಪತ್ತೆಂಟು ವರ್ಷದಿಂದ ಧಾರವಾಡದ ಕಾಲೇಜಿನ ಫಿಜಿಕ್ಸ್ ಲ್ಯಾಬಿನಲ್ಲಿ ಅವಳು ಕಲಿಸುತ್ತಿದ್ದುದು ಒಂದೇ: ಮೂರು ರೀಡಿಂಗ್ ತೆಗೆಯಿರಿ, ಪೆನ್ನಿನಲ್ಲೇ ಬರೆಯಿರಿ, ಅಳಿಸಬೇಡಿ, ಸರಾಸರಿ ಹಾಕಿ. ಕೇಶ್ವಾಪುರದ ಮನೆಯಲ್ಲೂ ಹಾಗೆಯೇ. ಆರು ವರ್ಷದಿಂದ ಗಂಡನ ಬಿ.ಪಿ., ಬೆಳಗ್ಗೆ, ಸಂಜೆ, ಉದ್ದನೆಯ ರೆಕಾರ್ಡ್ ಬುಕ್ಕಿನಲ್ಲಿ. ಕೊಲೆಸ್ಟ್ರಾಲಿನ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಅಂಟಿಸಿದ್ದಳು. ನೆಂಟರಲ್ಲಿ ಯಾರಿಗಾದರೂ ಗುಳಿಗೆ ಶುರುವಾದರೆ, ಮೊದಲು ಸುಲಭಾನ ಪುಸ್ತಕ ನೋಡಿ ಬರ್ರಿ ಅನ್ನುತ್ತಿದ್ದರು.

ಅಂದು ತೋರಿಸುವ ದಿನ. ಡಾಕ್ಟರ್ ಬುಶ್ರಾ ಅವಳ ಹಳೆಯ ವಿದ್ಯಾರ್ಥಿನಿ. ಪುಟ ತಿರುವುತ್ತ ನಕ್ಕಳು.

“ನನ್ನ ರೆಕಾರ್ಡ್ ಎರಡು ಸಲ ವಾಪಸ್ ಒಗದಿದ್ರಿ ಮೇಡಂ. ಈಗ ನಿಮ್ಮ ಬುಕ್ಕಿಗೆ ನಾ ಸಹಿ ಹಾಕಾಕತ್ತೇನಿ.”

ನರ್ಸೂ ನಕ್ಕಳು. ಸುಲಭಾ ಸೆರಗು ಸರಿ ಮಾಡಿಕೊಂಡಳು. ಮದುವೆಯ ಫೋಟೋ ನೋಡಿದಾಗಲೂ ಅವಳಿಗೆ ಇಷ್ಟು ಹೆಮ್ಮೆ ಆಗುತ್ತಿರಲಿಲ್ಲ.

ಕೊಲೆಸ್ಟ್ರಾಲ್ ಛಲೋ ಇಳಿದಿದೆ, ಬಿ.ಪಿ. ಮಾತ್ರ ಮಾತು ಕೇಳವಲ್ತು ಎಂದಳು ಬುಶ್ರಾ. ತಾನೇ ಪಟ್ಟಿ ಕಟ್ಟಿದಳು. ಸುಲಭಾ ಪೆನ್ನು ಹಿಡಿದು ಗಂಡನ ಹೆಗಲ ಬಳಿ ನಿಂತಳು. 156/94.

“ಮನ್ಯಾಗ ಬ್ಯಾರೆ ಯಾರರೆ ನೋಡಿದ್ರೂ ಇಷ್ಟ ಬರ್ತದೇನ್ರಿ?”

ಬಿಂದುಮಾಧವ ಬಾಯಿ ತೆರೆದ. ಹೆಂಡತಿಯನ್ನು ನೋಡಿ ಮುಚ್ಚಿದ.

“ನನ್ನ ಬಿಟ್ಟು ಯಾರು ನೋಡ್ತಾರ?” ಎಂದಳು ಸುಲಭಾ. ಪ್ರಶ್ನೆ ಕೇಳಿದರೆ ಸುಳ್ಳು ಹೇಳಿದಂತಾಗುವುದಿಲ್ಲ.

“ತಲಿ ತಿರಗೂದು ಏನರೆ, ಸರ್?”

“ಇಲ್ರಿ.”

ನಿನ್ನೆ ಊಟದಿಂದ ಏಳುವಾಗ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದನ್ನು ಅವಳು ನೋಡಿದ್ದಳು. ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಬುಶ್ರಾ ಬಿ.ಪಿ. ಇಳಿಸಲು ಇನ್ನೊಂದು ಗುಳಿಗೆ ಬರೆದಳು.

ಆಟೋದಲ್ಲಿ ಇಬ್ಬರೂ ತಂತಮ್ಮ ಕಡೆಯ ರಸ್ತೆ ನೋಡಿದರು.

“ರಾತ್ರಿ ನಿದ್ದಿ ಬರ್ತದಲಾ ನಿಮಗ?”

“ಛಲೋ ಬರ್ತದ. ನಿನಗ?”

“ನನಗೂ.”

ರಾತ್ರಿ ಹೊಸ ಗುಳಿಗೆಯನ್ನು ಅವನ ಅಂಗೈಯಲ್ಲಿಟ್ಟಳು. ಬಿಳಿ, ಸಣ್ಣದು. ಅವನು ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ ನುಂಗಿದ. ಸ್ವಲ್ಪ ಹೊತ್ತಿಗೆ ಎದ್ದು ಗೋಡೆ ಸವರಿಕೊಂಡು ಒಳಗೆ ಹೋದ. ಲೈಟ್ ಹಚ್ಚಲೇ ಎಂದು ಕೇಳಿದಳು. ಬ್ಯಾಡ ಅಂದ.

ಸುಲಭಾ ಯಂತ್ರದ ಬಟನ್ ಒತ್ತಿ ಹಿಡಿದಳು. ಅಂಕಿಗಳೆಲ್ಲ ಹೋದವು. ರೀಡಿಂಗ್ ಅಳಿಸಿದ್ದು ಅವಳ ಜನ್ಮದಲ್ಲಿ ಇದೇ ಮೊದಲು. ಪುಸ್ತಕದಲ್ಲಿ ಮಾತ್ರ ಎಲ್ಲ ನೆಟ್ಟಗಿತ್ತು, ಒಂದು ಗೀಟೂ ಆಚೀಚೆ ಇಲ್ಲದೆ. ಬುಶ್ರಾಳಿಗೆ ಹೇಳುವುದಿಲ್ಲ. ಅವನಿಗೂ ಹೇಳುವುದಿಲ್ಲ. ಯಾರಿಗೂ.

ತಾನು ಪಕ್ಕದಲ್ಲಿದ್ದರೂ ಏರದ ಒಂದು ರೀಡಿಂಗ್ ಬೇಕೆನಿಸಿ, ಪಟ್ಟಿಯನ್ನು ಅವನ ಕುರ್ಚಿಯ ಕೈಗೆ ಸುತ್ತಿ ಯಂತ್ರ ಚಾಲೂ ಮಾಡಿದಳು. ಪಟ್ಟಿ ಉಬ್ಬಿ ಕಟ್ಟಿಗೆಯನ್ನು ಹಿಡಿಯಿತು, ಬಿಗಿಯಿತು, ನಾಡಿ ಹುಡುಕುತ್ತ ಇನ್ನೂ ಬಿಗಿಯಿತು. ಕೊನೆಗೆ ಉಸಿರು ಬಿಟ್ಟಿತು. ಪರದೆಯ ಮೇಲೆ ಯಾವ ಅಂಕಿಯೂ ಬರಲಿಲ್ಲ.

ಒಳಗೆ ಏನೋ ಗೋಡೆಗೆ ತಾಗಿದ ಸದ್ದಾಯಿತು. ಅವಳು ಪೆನ್ನಿನ ಮುಚ್ಚಳ ತೆಗೆದು, ಎರಡನೆಯ ರೀಡಿಂಗಿಗೆ ಬಟನ್ ಒತ್ತಿದಳು.