ಹಿಡಿದ ಹೊಲಿಗೆ ಮುಗಿಸಿಯೇ ಏಳುತ್ತಾಳೆ

ಅಕ್ಕ ಸತ್ತು ಮೂರು ತಿಂಗಳಾದ ಮೇಲೆ ಅವಳ ಆಸ್ಪತ್ರೆಯ ಫೈಲು ನೋಡಲೇಬೇಕೆಂದು ಹಟ ಹಿಡಿದೆ. ಅಮ್ಮನ ಹೊಲಿಗೆ ಮೆಷಿನ್ನು ಯಾರಿಗೆ ಎಂಬ ಜಗಳದಲ್ಲಿ ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಮೆಷಿನ್ನು ನನಗೇ ಬಂತು, ಅಕ್ಕ ಮನೆಗೆ ಬರುವುದನ್ನು ಬಿಟ್ಟಳು. ಕೊನೆಗೆ ಮೂರು ದಿನ ವಾರ್ಡಿನಲ್ಲಿದ್ದಳಂತೆ. ಅವಳ ಪಕ್ಕದ ಮನೆಯವರು ನನಗೆ ಹೇಳಿ ಕಳಿಸಿದ್ದು ಎಲ್ಲ ಮುಗಿದ ಮೇಲೆ. ಆ ಮೂರು ದಿನದಲ್ಲಿ ಒಮ್ಮೆಯಾದರೂ ನನ್ನನ್ನು ಕೇಳಿದಳೋ ಇಲ್ಲವೋ, ಅಷ್ಟು ತಿಳಿದರೆ ಸಾಕಿತ್ತು. ಕೇಳಿರಲಾರಳು, ಅವಳ ಜಂಬ ನನಗೆ ಗೊತ್ತಿಲ್ಲವೇ ಎಂದು ಸಿಟ್ಟೂ ಇತ್ತು.

ದಾಖಲೆ ಕೋಣೆಯ ಗುಮಾಸ್ತ ನನ್ನನ್ನು ನಾಲ್ಕು ಸಲ ಅಲೆಸಿದ. ಗಂಡನೋ ಮಕ್ಕಳೋ ಬರಲಿ ಎಂದ. ಅವಳಿಗೆ ಯಾರೂ ಇಲ್ಲ, ನನಗೂ ಇಲ್ಲ ಎಂದೆ. ಹಾಗಾದರೆ ತಂಗಿ ಎನ್ನುವುದಕ್ಕೆ ಪುರಾವೆ ತನ್ನಿ ಎಂದ. ಈ ಮೂಗು ಸಾಲದೇನಪ್ಪ, ನಮ್ಮ ಮನೆಯವರಿಗೆಲ್ಲ ಇದೇ ಎಂದು ರೇಗಿದೆ. ಪುಣ್ಯಾತ್ಮ ನಗಲೂ ಇಲ್ಲ. ಇಬ್ಬರ ಜನನ ಪತ್ರ, ಅವಳ ಮರಣ ಪತ್ರ, ಅರ್ಜಿ ಎಲ್ಲ ತಂದು ಅವನ ಮೇಜಿನ ಮೇಲೆ ಕುಕ್ಕಿದೆ.

ಐದನೆಯ ಸಲ ಫೈಲು ಸಿಕ್ಕಿತು. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಜ್ವರ ಎಷ್ಟು, ನೀರು ಎಷ್ಟು ಕುಡಿದಳು, ಯಾವಾಗ ನಿದ್ದೆ ಹೋದಳು ಎಂದು ನರ್ಸುಗಳು ಪಾಳಿಪಾಳಿಗೂ ಬರೆದಿದ್ದರು. ಎರಡನೆಯ ದಿನದ ಹಾಳೆಯಲ್ಲಿ ದುಂಡು ಅಕ್ಷರ: ‘ಸಂಜೆ ನಾಲ್ಕು. ತಂಗಿಯ ಮನೆಗೆ ಫೋನ್ ಮಾಡಲಾಯಿತು. ಎತ್ತಲಿಲ್ಲ. ತುಂಬ ಹೊತ್ತು ರಿಂಗ್ ಆಗಲಿ, ಹಿಡಿದ ಹೊಲಿಗೆ ಮುಗಿಸಿಯೇ ಏಳುತ್ತಾಳೆ ಎಂದು ರೋಗಿ ಹೇಳಿದರು.’ ನಾಲ್ಕೂವರೆಗೆ ಮತ್ತೆ ಮಾಡಿದ್ದರು. ಐದಕ್ಕೂ ಮಾಡಿದ್ದರು. ‘ನಾಳೆ ಮಾಡೋಣ ಎಂದು ರೋಗಿ ಹೇಳಿದರು.’ ಮರುದಿನದ ಹಾಳೆಯಲ್ಲಿ ಪ್ರಜ್ಞೆ ಇಲ್ಲ ಎಂದಷ್ಟೇ ಇತ್ತು.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಶಾಲೆ ಶುರುವಾಗುವ ಸಮಯ, ಯೂನಿಫಾರ್ಮಿನ ರಾಶಿ ಬಿದ್ದಿತ್ತು. ಆಯ್ತಾ ಆಯ್ತಾ ಎಂದು ಗಿರಾಕಿಗಳು ಜೀವ ಹಿಂಡುತ್ತಿದ್ದರು. ನಾಳೆ ನಾಳೆ ಎಂದು ಸುಳ್ಳು ಹೇಳಿ ಸಾಕಾಗಿ, ಫೋನಿನ ಮೇಲೆ ದಿಂಬು ಹೇರಿದ್ದೆ. ಅದರಡಿ ಅದು ಹೊಡೆದುಕೊಳ್ಳುತ್ತಲೇ ಇತ್ತು. ಹಿಡಿದ ಹೊಲಿಗೆ ಮುಗಿದಿತ್ತು. ಆದರೂ ನಾನು ಏಳಲಿಲ್ಲ.

“ಬೇಕಾಗಿದ್ದು ಸಿಕ್ತಾ ಅಮ್ಮ?” ಎಂದು ಗುಮಾಸ್ತ ಕೇಳಿದ.

“ಸಿಕ್ತು ಕಣಪ್ಪ. ನನ್ನ ಕೇಳಿದ್ಲು.”

ಅವನು ಎದ್ದು ಹೋಗಿ ನೀರು ತಂದುಕೊಟ್ಟ. ಅವನ ಮೇಲೆ ರೇಗುವುದಕ್ಕೂ ಇನ್ನೇನೂ ಉಳಿದಿರಲಿಲ್ಲ.

ಮನೆಗೆ ಬಂದೆ. ಹೇಳಿಕೊಂಡು ಅಳೋಣವೆಂದರೆ ಒಂದು ನರಪಿಳ್ಳೆ ಇಲ್ಲ. ಮೆಷಿನ್ನಿನ ಮುಂದೆ ಕೂತೆ. ಪ್ಯಾಂಟಿನ ಒಂದು ಕಾಲು ಅರ್ಧ ಹೊಲಿದಿರುವಾಗ ಫೋನು ಹೊಡೆಯಿತು. ಬಟ್ಟೆಯನ್ನು ಸೂಜಿಯಡಿ ಹಾಗೇ ಬಿಟ್ಟು ಓಡಿದೆ. ‘ಅಕ್ಕಾ’ ಎಂದು ಬಾಯಿಂದ ಬಂದೇಬಿಟ್ಟಿತು. ಆ ಕಡೆಯಿಂದ ಗಿರಾಕಿ, ಪ್ಯಾಂಟು ಆಯಿತೇ ಎಂದು ಕೇಳಿದ.

ಇನ್ನೂ ಆಗಿಲ್ಲ ಎಂದೆ. ನಾಳೆ ಎನ್ನಲು ಬಾಯಿ ಬರಲಿಲ್ಲ.