ಅಚ್ಚುಕಲ್ಲಿನೊಳಗಿನ ನೀಲವ್ವ

ನಾನು ಒಂದು ಅಚ್ಚಿನ ಕಲ್ಲು. ಕಲ್ಲೇ ತಾನೆ ಎಂದು ಮೂಗು ಮುರಿಯಬೇಡಿ. ಜರ್ಮನಿಯ ಗಣಿಯಲ್ಲಿ ಹುಟ್ಟಿ, ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಯ ಗುರುಸಿದ್ಧ ಶೆಟ್ಟರ ಛಾಪಖಾನೆ ಸೇರಿದ ಕಲ್ಲು ನಾನು. ಜಿಡ್ಡಿನ ಕಡ್ಡಿಯಿಂದ ನನ್ನ ಮೈಮೇಲೆ ಚಿತ್ರ ಬರೆದು, ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಜಿಡ್ಡಿದ್ದಲ್ಲಿ ನೀರು ನಿಲ್ಲುವುದಿಲ್ಲ, ನೀರಿದ್ದಲ್ಲಿ ಶಾಯಿ ಹತ್ತುವುದಿಲ್ಲ. ಕಾಗದ ಒತ್ತಿದರೆ ಚಿತ್ರ ಎದ್ದು ಬರುತ್ತದೆ. ಕೆಲಸ ಮುಗಿದ ಮೇಲೆ ಮರಳು, ನೀರು ಹಾಕಿ ಇನ್ನೊಂದು ಕಲ್ಲಿನಿಂದ ತಿಕ್ಕಿ ಹಳೆಯದನ್ನು ಅಳಿಸುತ್ತಾರೆ. ಅಳಿಯಿತು ಎಂದುಕೊಳ್ಳುತ್ತಾರೆ, ಪಾಪ. ಜಿಡ್ಡು ಆಳಕ್ಕೆ ಇಳಿದಿರುತ್ತದೆ.

ನನ್ನ ಮೇಲೆ ಬರೆಯುತ್ತಿದ್ದವನು ಮಾನಪ್ಪ ಚಿತ್ರಗಾರ. ಬೆರಳಗಲ ಜಾಗ ಖಾಲಿ ಕಂಡರೂ ಅವನಿಗೆ ತಡೆಯುತ್ತಿರಲಿಲ್ಲ. ಬಳ್ಳಿ, ಗಿಳಿ, ದೀಪ ಏನಾದರೊಂದು ತುಂಬಿಬಿಡುತ್ತಿದ್ದ. ಹೆಂಡತಿ ಇಲ್ಲದ ಅವನ ಮನೆಯಲ್ಲಿ ಇದ್ದವಳು ಮಗಳು ನೀಲವ್ವ ಒಬ್ಬಳೇ. ಒಂಬತ್ತನೆಯ ವಯಸ್ಸಿಗೆ ಜ್ವರ ಬಂದು ಅವಳೂ ಹೋದಳು. ಒಂದು ಫೋಟೋ ಕೂಡ ಇರಲಿಲ್ಲ. ಮರುತಿಂಗಳು ಊದಿನಕಡ್ಡಿ ಲೇಬಲ್ಲಿಗೆ ಲಕ್ಷ್ಮಿಯನ್ನು ಬರೆಯಬೇಕಿತ್ತು. ಅವನ ಕೈ ಮಗಳ ಮುಖವನ್ನೇ ಬರೆಯಿತು.

"ಲಕ್ಷ್ಮಿ ಭಾಳ ಸಣ್ಣಾಕಿ ಆದ್ಲಲ್ಲೋ ಮಾನಪ್ಪಾ!" ಎಂದು ಶೆಟ್ಟರು ನಕ್ಕರು. ಅವನು ನಗಲಿಲ್ಲ.

ಅವಳನ್ನು ಅಳಿಸುವ ದಿನ ಬಂದಾಗ ಮಾನಪ್ಪ ಒಂದು ತಪ್ಪು ಮಾಡಿದ. ಮೊದಲು ಹಾಕಬೇಕಾದ ದಪ್ಪ ಮರಳು ಮುಟ್ಟಲೇ ಇಲ್ಲ. ಬರೀ ನುಣ್ಣನೆಯ ಮರಳಿನಿಂದ, ಕೂಸಿಗೆ ಮೈ ತೊಳೆಯುವ ಹಾಗೆ ಮೆಲ್ಲಗೆ ತಿಕ್ಕಿದ. ನೀಲವ್ವ ನನ್ನೊಳಗೆ ಉಳಿದಳು.

ಎರಡು ವರ್ಷದ ಮೇಲೆ ಶೆಟ್ಟರು ಮುಂಬಯಿಯ ಕಲಾಶಾಲೆಯಲ್ಲಿ ಕಲಿತ ಜಯತೀರ್ಥನನ್ನು ಕರೆಸಿಕೊಂಡರು. ಅವನ ಟ್ರಂಕಿನ ತುಂಬ ವಿಲಾಯತಿ ಪುಸ್ತಕಗಳು. ರಷ್ಯಾದ ಚಿತ್ರಕಾರರು ದೇವರು, ರಾಜರನ್ನೆಲ್ಲ ಬಿಟ್ಟು ಬರೀ ವೃತ್ತ, ಪಟ್ಟಿಗಳಲ್ಲಿ ಮಾತಾಡಿದ್ದನ್ನು ಅವನು ಹುಬ್ಬಳ್ಳಿಯ ನಾಟಕದ ಪೋಸ್ಟರಿಗೆ ತಂದ. ಒಂದು ಕೆಂಪು ವೃತ್ತ, ಒಂದು ಕಪ್ಪು ಪಟ್ಟಿ, ಓರೆಯಾಗಿ ನಿಂತ ಅಕ್ಷರ. ಉಳಿದದ್ದೆಲ್ಲ ಬಿಳಿ.

"ಇದೇನ್ರೀ, ಕುಂಕುಮದ ಡಬ್ಬಿ ಉರುಳಿ ಬಿದ್ಹಂಗ ಐತಿ!" ಎಂದರು ಶೆಟ್ಟರು.

"ಬಿಟ್ಟ ಜಾಗಾನೂ ಮಾತಾಡ್ತದರೀ," ಎಂದ ಜಯತೀರ್ಥ.

ಮಾತಾಡಿತು. ನೂರನೆಯ ಹಾಳೆ ಎತ್ತಿದಾಗ ಆ ಬಿಳಿ ಜಾಗದಲ್ಲಿ ತೆಳ್ಳಗೆ ಒಂದು ಮುಖ ಮೂಡಿತ್ತು. ಹಳೆಯ ಚಿತ್ರ ಮೇಲೆದ್ದಿದೆ, ಸರಿಯಾಗಿ ತಿಕ್ಕಿಲ್ಲ ಎಂದು ಜಯತೀರ್ಥ ಗೊಣಗಿದ. ಮಾನಪ್ಪ ಮಾತ್ರ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ತಾನು ಬರೆದದ್ದು ಒಂಬತ್ತರ ಹುಡುಗಿಯನ್ನು. ಈ ಹುಡುಗಿಗೆ ಹನ್ನೊಂದಾಗಿತ್ತು.

ಕಲ್ಲು ತಿಕ್ಕುವ ಕೆಲಸ ಇನ್ನೂ ಮಾನಪ್ಪನದೇ. ಆಮೇಲೆ ಅವನು ಪ್ರತಿಸಲವೂ ಬೇಕೆಂದೇ ಮೆಲ್ಲಗೆ ತಿಕ್ಕಿದ. ಪ್ಯಾರಿಸ್ಸಿನ ಕ್ಯೂಬಿಸಂ ಎಂದು ಜಯತೀರ್ಥ ಒಂದು ಕಾದಂಬರಿಯ ಮುಖಪುಟಕ್ಕೆ ಹೆಂಗಸಿನ ಮುಖವನ್ನು ನಾಲ್ಕು ಚೂರು ಮಾಡಿ ಬರೆದ. ಚೂರುಗಳ ನಡುವೆ ಹದಿನಾಲ್ಕರ ನೀಲವ್ವ ಇಡಿಯಾಗಿ ನೋಡುತ್ತಿದ್ದಳು. ಮಾನಪ್ಪ ಆ ಹಾಳೆಗಳನ್ನು ಮಡಿಚಿ ಮನೆಗೆ ಒಯ್ಯುವಾಗ ಜಯತೀರ್ಥ ಹಿಡಿದುಬಿಟ್ಟ.

"ಯಾರಕಿ ಮಾನಪ್ಪಾ?"

"ನನ್ನ ಮಗಳ್ರೀ. ಬೆಳ್ಯಾಕತ್ತ್ಯಾಳ."

ಜಯತೀರ್ಥ ಹಾಳೆಗಳನ್ನು ಬಿಟ್ಟುಕೊಟ್ಟ. ಹೇಗೆ ಬೆಳೆದಳೆಂದು ನನ್ನನ್ನು ಕೇಳಬೇಡಿ. ಅವಳು ಒಳಗೆ ಮಗ್ಗಲು ಬದಲಿಸುವುದು ಮಾತ್ರ ನನಗೆ ತಿಳಿಯುತ್ತಿತ್ತು. ನಿಜ ಹೇಳಲೇ, ನನಗೂ ಹೆದರಿಕೆಯಾಗುತ್ತಿತ್ತು.

ಕೊನೆಗೆ ಒಂದು ಸಾಬೂನಿನ ಪೋಸ್ಟರು ಬಂತು. ಜರ್ಮನಿಯ ಬೌಹೌಸ್ ಶಾಲೆಯವರಂತೆ ಸಣ್ಣ ನೇರ ಅಕ್ಷರ, ಮೂಲೆಗೊಂದು ಚೌಕ, ನಡುವೆ ಅಂಗಳದಷ್ಟು ಬಿಳಿ. ಅಲ್ಲಿ ಇಪ್ಪತ್ತರ ಹೆಣ್ಣು ನಿಂತಿದ್ದಳು. ಬಾಯಿ ತೆರೆದಿತ್ತು. ಎರಡೂ ಅಂಗೈಗಳನ್ನು, ಮುಚ್ಚಿದ ಕಿಟಕಿಯ ಗಾಜಿಗೆ ಒತ್ತಿದ ಹಾಗೆ, ಒಳಗಿನಿಂದ ಒತ್ತಿದ್ದಳು.

ಶೆಟ್ಟರು ಹೌಹಾರಿದರು. "ಈ ಕಲ್ಲು ನಾಳಿಗೇ ಒಡದು ಹಾಕ್ರಿ!"

"ದಪ್ಪ ಮರಳಿನಿಂದ ತಿಕ್ಕಿದ್ರ ಕಲ್ಲು ಉಳೀತದ," ಎಂದ ಜಯತೀರ್ಥ. ಮಾನಪ್ಪನ ಮುಖ ನೋಡಲಾರದೆ ಸೇರಿಸಿದ, "ಆಕಿ ಉಳಿಯೂದಿಲ್ಲ."

ಮಾನಪ್ಪ ಆ ಅಂಗೈಗಳನ್ನೇ ದಿಟ್ಟಿಸಿದ. "ನಾನೇ ಹಿಡಕೊಂಡು ಕುಂತೇನೇನ್ರೀ?" ಎಂದ. ಅವಳ ಅಂಗೈಯ ಮೇಲೆ ತನ್ನ ಅಂಗೈ ಇಟ್ಟ. "ಬದುಕಿದ್ರ ಇಷ್ಟೊತ್ತಿಗೆ ಗಂಡನ ಮನಿಗೆ ಕಳಸ್ತಿದ್ದೆ."

ಮರುದಿನ ಬೆಳಿಗ್ಗೆ ಅವನು ನನಗೆ ಅರಿಸಿನ ಕುಂಕುಮ ಹಚ್ಚಿದ. ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು, ಮಗಳನ್ನು ಕಳಿಸುವ ತಾಯಂದಿರಂತೆ ಉಡಿ ತುಂಬಿದ. "ಹೋಗಿ ಬಾರವ್ವಾ," ಎಂದು ದಪ್ಪ ಮರಳು ಸುರಿದ. ಮಧ್ಯಾಹ್ನದವರೆಗೂ ಅಳುತ್ತಲೇ ತಿಕ್ಕಿದ. ನನ್ನ ಮೈ ಉರಿಯಿತು. ಆಮೇಲೆ ಒತ್ತಿದ ಹಾಳೆ ಅಚ್ಚ ಬಿಳಿಯಾಗಿತ್ತು. ಬಳ್ಳಿಯಿಲ್ಲ, ಗಿಳಿಯಿಲ್ಲ. ಅದನ್ನೇ ಬಹಳ ಹೊತ್ತು ನೋಡಿ ಅವನು, "ಬಿಟ್ಟ ಜಾಗ ಅಂದ್ರ ಏನು ಅಂತ ಈಗ ತಿಳೀತ್ರೀ," ಎಂದ.

ಮುಂದೆ ಆಫ್‌ಸೆಟ್ ಯಂತ್ರ ಬಂತು. ನಮ್ಮಂಥ ಕಲ್ಲುಗಳು ಯಾರಿಗೂ ಬೇಡವಾದವು. ಮುದುಕನಾದ ಮಾನಪ್ಪ ನನ್ನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ ತನ್ನ ಬಾಗಿಲ ಮುಂದೆ ಮೆಟ್ಟಿಲಾಗಿ ಹಾಸಿದ. ಈಗ ನನ್ನ ಮೇಲೆ ಹಾಲಿನವಳು ನಿಲ್ಲುತ್ತಾಳೆ, ಬೆಕ್ಕು ಮಲಗುತ್ತದೆ. ಸುಖವಾಗಿದ್ದೇನೆ.

ಈ ವರ್ಷ ನಾಗರ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಗಂಡನ ಮನೆಯಿಂದ ತವರಿಗೆ ಬಂದಿದ್ದರು. ಹಬ್ಬದ ಬೆಳಿಗ್ಗೆ ಮಾನಪ್ಪ ಬಾಗಿಲು ತೆರೆದು ನನ್ನ ಮೇಲೆ ನೀರು ಚಿಮುಕಿಸಿದ. ಎರಡು ಕಡೆ ನೀರು ನಿಲ್ಲಲಿಲ್ಲ, ಸರಿದು ಹೋಯಿತು. ಎಣ್ಣೆ ಹಚ್ಚಿಕೊಂಡ ಹೆಣ್ಣುಪಾದದ ಜೋಡಿ ಗುರುತು, ಮನೆಯೊಳಕ್ಕೆ ಮುಖ ಮಾಡಿ. ಎರಡನೆಯ ಬೆರಳಿನ ಬುಡದಲ್ಲಿ ಕಾಲುಂಗುರದ ಗೆರೆ.

ತಂಬಿಗೆ ಅವನ ಕೈಯಿಂದ ಜಾರಿತು. "ಬಂದ್ಯೇನವ್ವಾ?" ಎನ್ನುತ್ತ ಆ ಗುರುತನ್ನು ತುಳಿಯದೆ ದಾಟಿ ಒಳಗೆ ಓಡಿದ.

ನನ್ನ ಮೇಲೆ ಕಾಲಿಟ್ಟವರ ಭಾರ ನನಗೆ ತಿಳಿಯದೆ ಹೋಗುವುದಿಲ್ಲ. ಆ ಬೆಳಿಗ್ಗೆ ಯಾರೂ ಕಾಲಿಟ್ಟಿರಲಿಲ್ಲ. ಒಳಗೆ ಅವನು ಹಬ್ಬದ ಉಂಡಿಯ ಡಬ್ಬಿ ತೆಗೆದು, ಎರಡು ತಾಟು ಇಟ್ಟ ಸದ್ದು ಕೇಳಿಸಿತು.